ಮುಷ್ಟಿಯೊಳಗಿನ ಬೀಡಿ

ನಲವತ್ತೆರಡನೇ ವಯಸ್ಸಿನಲ್ಲಿ ನಾನು ಕರಾಟೆ ಕಲಿಯಲು ಹೊರಟಾಗ ನನ್ನ ಅತ್ತೆ ಬೈಯಲಿಲ್ಲ, ತಡೆಯಲಿಲ್ಲ. "ಅಲ್ಲಿ ಎಂತ ಮಾಡ್ಲಿಕ್ಕೆ ಉಂಟು?" ಎಂದು ಮಾತ್ರ ಕೇಳಿದರು.

"ಕಾಲು ಅಗಲ ಮಾಡಿ, ಮಂಡಿ ಬಗ್ಗಿಸಿ, ಅಲ್ಲಾಡದೆ ನಿಲ್ಲಬೇಕು ಮಾಮಿ," ಎಂದೆ.

"ಎಷ್ಟು ಹೊತ್ತು?"

"ಪರೀಕ್ಷೆಯ ದಿನ ಐದು ನಿಮಿಷ."

"ನಿಂತದ್ದಕ್ಕೆ ಎಂತ ಕೊಡ್ತಾರೆ?"

"ಬೆಲ್ಟ್ ಕೊಡ್ತಾರೆ. ಮೊದಲು ಬಿಳಿ ಇರ್ತದೆ, ಆಮೇಲೆ ಹಳದಿ."

ಅತ್ತೆ ಬಾಯಿಯ ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದರು. "ಬರೀ ನಿಂತದ್ದಕ್ಕೆ ಬೆಲ್ಟ್ ಕೊಡುವುದಾದರೆ ನನಗೆ ಇಷ್ಟರಲ್ಲಿ ಅಟ್ಟ ತುಂಬ ಬೆಲ್ಟ್ ಬರಬೇಕಿತ್ತು ಮಾರಾಯ್ತಿ," ಎಂದರು.

ನಮ್ಮ ಮನೆಯ ಮಾತು ತುಳು. ತುಳುವಿನಲ್ಲಿ ಅತ್ತೆಗೆ ಮಾಮಿ ಎನ್ನುತ್ತೇವೆ. ಮಾಮಿಗೆ ಎಪ್ಪತ್ತೆರಡು ವರ್ಷ. ನಲವತ್ತು ವರ್ಷ ಇದೇ ಜಗಲಿಯಲ್ಲಿ ಕೂತು ಬೀಡಿ ಕಟ್ಟಿದವರು. ಕಣ್ಣಿನ ಪೊರೆ ತೆಗೆಸಿದ ಮೇಲೆ ಆ ಕೆಲಸ ಬಿಟ್ಟರು. ಈಗ ಅವರ ಮುಖ್ಯ ಉದ್ಯೋಗ ನನ್ನನ್ನು ತಮಾಷೆ ಮಾಡುವುದು, ಮತ್ತು ತಮಗೆ ನೋವೇ ಇಲ್ಲವೆಂದು ಊರಿಗೆಲ್ಲ ಹೇಳುವುದು. ಆ ಎರಡನೆಯ ಉದ್ಯೋಗವನ್ನು ಬಿಡಿಸಿ, ಅವರನ್ನು ಬೆಳ್ತಂಗಡಿಯ ಡಾಕ್ಟರ ಮುಂದೆ ಕೂರಿಸಲು ನಾನು ಪಟ್ಟ ಪಾಡನ್ನೇ ಇಲ್ಲಿ ಬರೆಯಲು ಹೊರಟಿದ್ದೇನೆ. ಕರಾಟೆ ಅದರ ನಡುವೆ ಬರುತ್ತದೆ.

ನಮ್ಮದು ವಾಮದಪದವು. ಪೇಟೆಯಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ಗಂಡ ಅಬುಧಾಬಿಯಲ್ಲಿ, ಮಗಳು ಮಿಜಾರಿನ ಹಾಸ್ಟೆಲಿನಲ್ಲಿ. ಮನೆಯಲ್ಲಿ ಮಾಮಿ ಮತ್ತು ನಾನು. ಇಪ್ಪತ್ತು ವರ್ಷ ಹೊಲಿಗೆ ಮೆಷಿನಿನ ಮುಂದೆ ಬಗ್ಗಿ ಬಗ್ಗಿ ನನ್ನ ಸೊಂಟ ಹಿಡಿದುಕೊಂಡಿತ್ತು. ಮಾತ್ರೆ ತಿಂದು ಸಾಕಾಗಿತ್ತು. ಆಗ ಶಾಲೆಯ ಹಿಂದಿನ ಹಾಲ್‌ನಲ್ಲಿ ಭಾನುವಾರ ಬೆಳಿಗ್ಗೆ ಹೆಂಗಸರಿಗೂ ಕರಾಟೆ ಕಲಿಸುತ್ತಾರೆ ಎಂದು ನನ್ನ ಅಂಗಡಿಗೆ ರವಿಕೆ ಕೊಡಲು ಬಂದ ಅಂಗನವಾಡಿ ಟೀಚರ್ ಹೇಳಿದರು. ಅವರೂ ಸೇರಿದ್ದರಂತೆ. "ಸೊಂಟ ಬಿಡ್ತದೆ ಅಕ್ಕ, ನೋಡಿ," ಎಂದರು. ಬಿಡುತ್ತದೆ ಎಂದರೇನೆಂದು ಕೇಳಿಕೊಳ್ಳದೆ ಹೂಂ ಅಂದುಬಿಟ್ಟೆ.

ಕರಾಟೆಯ ಬಿಳಿ ಬಟ್ಟೆಯನ್ನು ನಾನೇ ಹೊಲಿದುಕೊಂಡೆ. ಟೈಲರ್ ಆದವಳು ಅಂಗಡಿಯಿಂದ ಸಿದ್ಧ ಉಡುಪು ತಂದರೆ ಮರ್ಯಾದೆ ಏನಾಗಬೇಕು! ಆದರೆ ಕೈ ಕೇಳಬೇಕಲ್ಲ. ರವಿಕೆ ಹೊಲಿಯುವ ರೂಢಿಯಲ್ಲಿ ಸೊಂಟದ ಹತ್ತಿರ ಎರಡು ಟಕ್ಸ್ ಹಿಡಿದುಬಿಟ್ಟೆ. ಮೊಬೈಲಿಗೆಂದು ಒಂದು ಕಿಸೆಯನ್ನೂ ಇಟ್ಟೆ. ಮೊದಲ ದಿನ ಮಾಸ್ಟ್ರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಅವರು ಫರಂಗಿಪೇಟೆಯ ಬ್ಯಾರಿ ಮುಸಲ್ಮಾನರು, ಐವತ್ತು ದಾಟಿದ ಸಪೂರ ಮನುಷ್ಯ. ವಾರವಿಡೀ ಟೈಲ್ಸ್ ಅಂಗಡಿ ನೋಡಿಕೊಂಡು, ಭಾನುವಾರ ಸ್ಕೂಟರಿನಲ್ಲಿ ನಮ್ಮಲ್ಲಿಗೆ ಬರುತ್ತಿದ್ದರು. ಸ್ವರ ಎಷ್ಟು ಮೆತ್ತಗೆಂದರೆ ಅವರು ಬೈದರೂ ಊಟ ಆಯಿತಾ ಎಂದು ಕೇಳಿದಂತಿರುತ್ತಿತ್ತು.

"ಅಕ್ಕ, ಈ ಕಿಸೆ ಎಂತಕ್ಕೆ?" ಎಂದರು.

"ಮೊಬೈಲಿಗೆ ಮಾಸ್ಟ್ರೇ."

"ಹೊಡೆದಾಟದ ಮಧ್ಯ ಫೋನ್ ಬಂದರೆ ತೆಗೀತೀರಾ?"

ಅಂದಿನಿಂದ ಆ ಕಿಸೆಯ ಬಾಯಿಯನ್ನು ಹೊಲಿದುಬಿಟ್ಟಿದ್ದೇನೆ.

ಇನ್ನು ನೋವಿನ ಬಗ್ಗೆ ಹೇಳಬೇಕು. ನಾಚಿಕೆಯ ವಿಷಯವಾದರೂ ಮುಚ್ಚಿಡುವುದಿಲ್ಲ: ನನಗೆ ನೋವೆಂದರೆ ಆಗದು. ಹೊಲಿಗೆಯವಳಾಗಿ ಬೆರಳಿಗೆ ಸೂಜಿ ತಾಗಿದರೆ ಬೊಬ್ಬೆ ಹಾಕುತ್ತೇನೆ. ಒಗ್ಗರಣೆ ಸಿಡಿದರೆ ಬೊಬ್ಬೆ ಹಾಕುತ್ತೇನೆ. ಮಗಳನ್ನು ಹೆರುವಾಗ ನಾನು ಹಾಕಿದ ಬೊಬ್ಬೆಗೆ ಪಕ್ಕದ ವಾರ್ಡಿನ ಗಂಡಸರು ಎದ್ದು ಕೂತಿದ್ದರೆಂದು ಮಾಮಿ ಇಂದಿಗೂ ನೆಂಟರಿಗೆ ಹೇಳುತ್ತಾರೆ. ಅಂಥ ನನ್ನನ್ನು ಮಾಸ್ಟ್ರು ಕುದುರೆ ಮೇಲೆ ಕೂತಂತೆ ಮಂಡಿ ಬಗ್ಗಿಸಿ ನಿಲ್ಲಿಸಿದರು. ಎರಡೂ ಮುಷ್ಟಿ ಬಿಗಿದು ಸೊಂಟದ ಬದಿಗೆ. ಮೊದಲ ಅರ್ಧ ನಿಮಿಷ, ಇಷ್ಟೇಯಾ ಎನಿಸಿತು. ಒಂದು ನಿಮಿಷಕ್ಕೆ ತೊಡೆ ಉರಿಯಲು ಶುರುವಾಯಿತು. ಒಂದೂವರೆಗೆ ಕಣ್ಣಲ್ಲಿ ನೀರು. ಎರಡನೇ ನಿಮಿಷ ನೋಡುವ ಭಾಗ್ಯ ಆ ದಿನ ನನಗೆ ಬರಲೇ ಇಲ್ಲ.

ಅದಾದ ಮೇಲೆ ಇಬ್ಬಿಬ್ಬರು ಎದುರು ಬದುರು ನಿಂತು ಮುಂಗೈಗೆ ಮುಂಗೈ ಹೊಡೆಯುವ ಅಭ್ಯಾಸ. ಒಂದು ತಿಂಗಳಲ್ಲಿ ನನ್ನ ಎರಡೂ ಕೈ ಮೊಣಕೈಯವರೆಗೆ ನೀಲಿ. ಅಂಗಡಿಗೆ ಬಂದ ಹೆಂಗಸರು ಅಳತೆ ಕೊಡುತ್ತಾ ನನ್ನ ಕೈ ನೋಡಿ, ಸ್ವರ ತಗ್ಗಿಸಿ, "ಮನೆಯಲ್ಲಿ ಎಲ್ಲ ಸರಿ ಉಂಟಲ್ಲ ಅಕ್ಕ?" ಎಂದು ಕೇಳತೊಡಗಿದರು. ಗಂಡ ಅಬುಧಾಬಿಯಲ್ಲಿ ಇರುವುದು ಎಲ್ಲರಿಗೂ ಗೊತ್ತು. ಹಾಗಾಗಿ ಹೊಡೆಯುವವರು ಅತ್ತೆಯೇ ಇರಬೇಕೆಂದು ಪೇಟೆಯಲ್ಲಿ ತೀರ್ಮಾನವಾಯಿತು. ನಾನು ಗಾಬರಿಯಾಗಿ ಬಂದು ಮಾಮಿಗೆ ಹೇಳಿದರೆ ಅವರ ಮುಖ ಅರಳಿತು.

"ಹೇಳಲಿ ಬಿಡು. ಈ ಪ್ರಾಯದಲ್ಲಿ ನನಗೆ ಅಷ್ಟು ಶಕ್ತಿ ಉಂಟು ಅಂತ ಜನ ತಿಳ್ಕೊಂಡರೆ ಒಳ್ಳೆಯದೇ ಅಲ್ವಾ?" ಎಂದರು.

ಶಕ್ತಿ ಎಲ್ಲಿತ್ತು ಪಾಪ. ಆಟಿ ತಿಂಗಳು, ಅಂದರೆ ಆಷಾಢ, ಕಳೆದ ಮೇಲೆ ಮಾಮಿಯ ಊಟ ಅರ್ಧವಾಗಿತ್ತು. ಹುರಿದ ಬಂಗುಡೆ ಮೀನು ಎಂದರೆ ಬಟ್ಟಲು ಮುಂದೆ ಚಾಚುತ್ತಿದ್ದವರು, "ನನಗೆ ಬೇಡ, ಹಸಿವೆ ಇಲ್ಲ," ಎನ್ನಲು ಶುರುಮಾಡಿದರು. ಉಂಡ ಮೇಲೆ ಸುಮ್ಮನೆ ಜಗಲಿಗೆ ಹೋಗಿ ಕೂರುವರು, ಗಂಟೆಗಟ್ಟಲೆ ಮಾತಿಲ್ಲ. ಒಮ್ಮೊಮ್ಮೆ ಬಲಗೈ ಪಕ್ಕೆಯ ಕೆಳಗೆ ಹೋಗುತ್ತಿತ್ತು. ನಾನು ನೋಡಿದ್ದು ಗೊತ್ತಾದರೆ ಅಲ್ಲಿ ಸೊಳ್ಳೆ ಕಚ್ಚಿದಂತೆ ತುರಿಸಿಕೊಳ್ಳುತ್ತಿದ್ದರು. ಕೇಳಿದರೆ "ಗ್ಯಾಸ್" ಎನ್ನುವರು, ಜೀರಿಗೆ ಕಷಾಯ ಕುಡಿಯುವರು. ಸಂಜೆ ಮಗ ವಿಡಿಯೋ ಕರೆ ಮಾಡಿದರೆ, "ನಾನು ಗಟ್ಟಿ ಇದ್ದೇನೆ ಮಗಾ. ನಿನ್ನ ಹೆಂಡತಿಗೇ ತಲೆ ಸರಿ ಇಲ್ಲ, ಕರಾಟೆಗೆ ಹೋಗ್ತಾಳೆ," ಎಂದು ಮೊಬೈಲನ್ನು ನನ್ನ ನೀಲಿ ಕೈಗಳ ಕಡೆಗೆ ತಿರುಗಿಸುವರು.

"ಡಾಕ್ಟರಲ್ಲಿಗೆ ಒಮ್ಮೆ ಹೋಗಿ ಬರುವ ಮಾಮಿ," ಎಂದು ನಾನು ಹತ್ತು ಸಲ ಹೇಳಿರಬೇಕು. ಹನ್ನೊಂದನೇ ಸಲಕ್ಕೆ ಅವರಿಗೆ ಸಿಟ್ಟು ಬಂತು.

"ಸೂಜಿ ತಾಗಿದರೆ ಊರು ಒಟ್ಟು ಮಾಡುವವಳು ನೀನು. ನೀನು ನನಗೆ ನೋವಿನ ಪಾಠ ಹೇಳುವುದಾ? ಒಂದು ಕೆಲಸ ಮಾಡು. ಆ ಹಳದಿ ಬೆಲ್ಟ್ ಸೊಂಟಕ್ಕೆ ಕಟ್ಟಿಕೊಂಡು ಈ ಅಂಗಳಕ್ಕೆ ಬಾ. ಅದರ ಮರುದಿನ ನೀನು ಹೇಳಿದ ಡಾಕ್ಟರಲ್ಲಿಗೆ ಬರ್ತೇನೆ."

"ಮಾತು ಮಾತೇ?"

"ಬೀಡಿ ಕಟ್ಟಿದ ಕೈ ಇದು. ಮಾತು ತಪ್ಪುವುದಿಲ್ಲ."

ನಾನು ಬೆಲ್ಟ್ ತರುವುದು ಈ ಜನ್ಮದಲ್ಲಿಲ್ಲ ಎಂಬ ಧೈರ್ಯದಲ್ಲೇ ಅವರು ಹಾಗೆ ಹೇಳಿದ್ದು. ನನಗೂ ಅದು ಗೊತ್ತಿತ್ತು. ಪರೀಕ್ಷೆಗೆ ಏಳು ವಾರ ಉಳಿದಿತ್ತು.

ಮುಂದಿನ ಭಾನುವಾರ ಮಾಸ್ಟ್ರ ಹತ್ತಿರ ಹೋಗಿ, ನೋವು ತಡೆಯುವುದಕ್ಕೆ ಏನಾದರೂ ಉಪಾಯ ಇದೆಯೇ ಎಂದು ಕೇಳಿದೆ. ಎಣ್ಣೆಯನ್ನೋ ಮುಲಾಮನ್ನೋ ಹೇಳುತ್ತಾರೆಂದು ನನ್ನ ಎಣಿಕೆ.

"ತಡೀಬೇಡಿ ಅಕ್ಕ, ನೋಡಿ," ಎಂದರು.

"ಎಂತ ನೋಡುವುದು?"

"ನೋವನ್ನೇ ನೋಡಿ. ಎಲ್ಲಿ ಉಂಟು? ಮಂಡಿಯಲ್ಲಾ, ತೊಡೆಯಲ್ಲಾ? ಉರಿಯುವುದಾ, ಚುಚ್ಚುವುದಾ? ಉರಿದರೆ ನಿಂತೇ ಇರಿ, ಅದು ತೊಡೆಗೆ ಕೆಲಸ ಸಿಕ್ಕಿದ್ದು. ಚುಚ್ಚಿದರೆ ಕೂತುಕೊಳ್ಳಿ, ಅದು ಬೇರೆ. ಮನಸ್ಸನ್ನು ಅಲ್ಲಿಂದ ತೆಗೀಬೇಡಿ. ನೀವು ನೋಡ್ತಾ ಇದ್ದರೆ ಅದು ಸಣ್ಣದಾಗ್ತದೆ."

ಅವರ ಮಾತಿನ ಮೇಲೆ ನನಗೆ ಗೌರವವಿತ್ತು. ನೋಡಿದೆ. ನೋಡಿದಷ್ಟೂ ಅದು ದೊಡ್ಡದಾಯಿತು. ಎಡತೊಡೆಯಲ್ಲಿ ಉರಿ, ಬಲತೊಡೆಯಲ್ಲಿ ಇನ್ನೂ ಹೆಚ್ಚು ಉರಿ, ಈಗ ಯಾವುದನ್ನು ನೋಡುವುದು ಎಂದು ಗೊಂದಲವಾಗಿ ಎರಡೂ ಬಿಟ್ಟು ಗೋಡೆಯ ಗಡಿಯಾರ ನೋಡಿದೆ. ಒಂದು ನಿಮಿಷ ಐವತ್ತು ಸೆಕೆಂಡು. ಧೊಪ್ಪನೆ ಕೂತೆ. ಪಕ್ಕದಲ್ಲಿ ಅಂಗನವಾಡಿ ಟೀಚರ್ ನನಗಿಂತ ಮೊದಲೇ ಕೂತಿದ್ದರು ಎನ್ನುವುದೊಂದೇ ಸಮಾಧಾನ.

ಮನೆಯಲ್ಲೂ ಅಭ್ಯಾಸ ಮಾಡಬೇಕಿತ್ತು. ಮಧ್ಯಾಹ್ನ ಅಂಗಡಿ ಮುಚ್ಚಿ ಊಟಕ್ಕೆ ಬಂದಾಗ ಅಂಗಳದಲ್ಲಿ, ಬಟ್ಟೆ ಒಣಹಾಕುವ ಹಗ್ಗದ ಪಕ್ಕ ನಿಲ್ಲುತ್ತಿದ್ದೆ. ಜಗಲಿಯಲ್ಲಿ ಮಾಮಿ. ಪುಕ್ಕಟೆ ನಾಟಕ ನೋಡುವವರ ಹಾಗೆ ಕಾಲು ಚಾಚಿ ಕೂತಿರುತ್ತಿದ್ದರು. ಮೊದಲ ವಾರ ನಕ್ಕರು. ಎರಡನೇ ವಾರ, "ಅಯ್ಯೋ, ಮುಖ ನೋಡಿದರೆ ಯಾರೋ ಕತ್ತು ಹಿಸುಕಿದ ಹಾಗೆ ಉಂಟು," ಎಂದರು. ಮೂರನೇ ವಾರ ಅವರಿಗೇ ತಡೆಯಲಿಲ್ಲ. ಕಣ್ಣೆದುರು ಕೆಲಸ ಕೆಡುವುದನ್ನು ಅವರು ಯಾವತ್ತೂ ಸಹಿಸಿದವರಲ್ಲ. ಎದ್ದು ಅಂಗಳಕ್ಕೆ ಇಳಿದು ನನ್ನ ಎದುರು ಬಂದು ನಿಂತರು.

"ನಿನ್ನ ಮಾಸ್ಟ್ರು ಎಂತ ಹೇಳಿದ್ದು?"

"ನೋವನ್ನು ನೋಡ್ಲಿಕ್ಕೆ."

"ನೋವನ್ನು ನೋಡ್ತಾ ಕೂತರೆ ಕೆಲಸ ಯಾರು ಮಾಡುವುದು? ಅದಕ್ಕೆ ಬೆನ್ನು ಹಾಕಿ ಬೀಡಿ ಕಟ್ಟು."

"ಎಲ್ಲಿ ಬೀಡಿ ಕಟ್ಟುವುದು ಮಾಮಿ?"

"ಮನಸ್ಸಲ್ಲಿ. ಮಡಿಲಲ್ಲಿ ತಡ್ಪೆ ಉಂಟು ಅಂತ ತಿಳ್ಕೋ."

ತಡ್ಪೆ ಎಂದರೆ ಬೀಡಿ ಎಲೆ, ಹೊಗೆಸೊಪ್ಪಿನ ಪುಡಿ ಎಲ್ಲ ಇಟ್ಟುಕೊಳ್ಳುವ ಮೊರ. ನಮ್ಮ ಕಡೆ ಹೆಚ್ಚಿನ ಹೆಣ್ಣುಮಕ್ಕಳು ಅದರ ಮುಂದೆಯೇ ದೊಡ್ಡವರಾದದ್ದು. ನನ್ನ ತಾಯಿ ಟೈಲರ್ ಆಗಿದ್ದರಿಂದ ನನಗೆ ಆ ಕೆಲಸ ಬರುತ್ತಿರಲಿಲ್ಲ. ಮಾಮಿ ಒಂದನೇ ಕ್ಲಾಸಿನ ಮಗುವಿಗೆ ಹೇಳಿಕೊಡುವಂತೆ ಒಂದೊಂದಾಗಿ ಹೇಳಿದರು. ನೆನೆದ ಎಲೆ ತೆಗೆದುಕೋ. ಕತ್ತರಿಯಿಂದ ಬದಿ ತೆಗೆ. ಪುಡಿ ಹಾಕು, ಅಷ್ಟು ಬೇಡ, ಸ್ವಲ್ಪ. ಸುತ್ತು. ಹೆಬ್ಬೆರಳಿನಿಂದ ಬಾಯಿ ಮಡಚು. ನೂಲು ಸುತ್ತಿ ಎಳೆ. ಎಡಕ್ಕೆ ಇಡು. ಇಪ್ಪತ್ತೈದಾದರೆ ಒಂದು ಕಟ್ಟು. ಕಟ್ಟು ಆಗುವವರೆಗೆ ತಲೆ ಎತ್ತಬೇಡ.

ನಾನು ಮನಸ್ಸಿನಲ್ಲಿ ಕಟ್ಟತೊಡಗಿದೆ. ನಾಲ್ಕನೆಯ ಬೀಡಿಗೆ ಮಾಮಿ, "ಅದು ಸಡಿಲ ಆಯ್ತು. ಬೀಡಿ ಕಂಪನಿಯಿಂದ ವಾಪಸು ಬರ್ತದೆ," ಎಂದರು.

"ನನ್ನ ಮನಸ್ಸಿನ ಬೀಡಿ ಸಡಿಲ ಅಂತ ನಿಮಗೆ ಹೇಗೆ ಗೊತ್ತು?"

"ನೀನು ಜಗಲಿಯ ಗಡಿಯಾರದ ಕಡೆ ಕಣ್ಣು ಹಾಕಿದೆಯಲ್ಲ. ಕಣ್ಣು ಆಚೆ ಹೋದ ಬೀಡಿ ಗಟ್ಟಿ ಆಗುವುದೇ ಇಲ್ಲ. ಬಿಚ್ಚು, ಪುನಃ ಕಟ್ಟು."

ನಂಬಿದರೆ ನಂಬಿ, ಬಿಟ್ಟರೆ ಬಿಡಿ: ಆ ದಿನ ಮೂರು ನಿಮಿಷ ನಿಂತೆ. ತೊಡೆ ಉರಿಯುತ್ತಲೇ ಇತ್ತು, ಆದರೆ ಅದು ಬೇರೆ ಕೋಣೆಯಲ್ಲಿ ಯಾರೋ ರೇಡಿಯೋ ಹಾಕಿದಷ್ಟು ದೂರವಿತ್ತು. ವಾರ ಕಳೆದ ಮೇಲೆ ನಾಲ್ಕು ನಿಮಿಷ. ಆಮೇಲೆ ಐದು. ಮುಂಗೈಗೆ ಏಟು ಬೀಳುವಾಗಲೂ ಕಟ್ಟಿದೆ. ಮಾಸ್ಟ್ರು ಒಮ್ಮೆ ನನ್ನ ಮುಖವನ್ನೇ ನೋಡಿ, "ಅಕ್ಕ, ಈಗ ನೋವು ಕಾಣ್ತಾ ಉಂಟಲ್ಲ?" ಎಂದು ಕೇಳಿದರು. "ಕಾಣ್ತಾ ಉಂಟು ಮಾಸ್ಟ್ರೇ," ಎಂದು ಸುಳ್ಳು ಹೇಳಿ ಹದಿನೇಳನೇ ಬೀಡಿಗೆ ನೂಲು ಸುತ್ತಿದೆ.

ಮಾಮಿಗಂತೂ ನನ್ನ ಮೇಲೆ ಅಭಿಮಾನ ಉಕ್ಕಿತು. ಬೆಲ್ಟ್ ಬಂದರೆ ತಾನು ಡಾಕ್ಟರಲ್ಲಿಗೆ ಹೋಗಬೇಕು ಎಂಬುದನ್ನೇ ಮರೆತಂತೆ, ನೆರೆಮನೆಯವರನ್ನು ಕರೆದು ನನ್ನನ್ನು ತೋರಿಸಿದರು. "ಇವಳ ಗಂಡ ಹುಟ್ಟುವ ದಿನ ಬೆಳಿಗ್ಗೆ ನಾನು ಆರು ಕಟ್ಟು ಮುಗಿಸಿದ್ದೆ. ಏಳನೆಯದು ಅರ್ಧ ಆಗಿತ್ತು. ಸೂಲಗಿತ್ತಿ ಬಂದು ತಡ್ಪೆ ಕಿತ್ತುಕೊಂಡಳು, ಇಲ್ಲದಿದ್ದರೆ ಅದನ್ನೂ ಮುಗಿಸ್ತಿದ್ದೆ. ನಾನು ಒಂದು ಸ್ವರ ತೆಗೀಲಿಲ್ಲ," ಎಂದರು. ಕೇಳಿದವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ನಾನೂ ಇಟ್ಟೆ.

ಪರೀಕ್ಷೆಗೆ ಎಂಟು ದಿನ ಇರುವಾಗ ಒಂದು ಮಧ್ಯಾಹ್ನ. ಬಸಳೆ ಸಾರು, ಅನ್ನ. ಮಾಮಿ ನಾಲ್ಕು ತುತ್ತು ಉಂಡು ಎದ್ದಿದ್ದರು. ನಾನು ಒಣಗಿದ ಬಟ್ಟೆ ಹೊತ್ತುಕೊಂಡು ಅಂಗಳದಿಂದ ಬರುತ್ತಿದ್ದೆ. ಅವರು ಕಂಬಕ್ಕೆ ಒರಗಿ ಕೂತಿದ್ದರು. ಎರಡೂ ಕೈ ಮಡಿಲಲ್ಲಿ. ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಮೆಲ್ಲಗೆ ಸುತ್ತುತ್ತಿತ್ತು. ಆಮೇಲೆ ಮಡಚಿತು. ಆಮೇಲೆ ಏನನ್ನೋ ಎಳೆದಂತೆ ಸ್ವಲ್ಪ ಜಗ್ಗಿತು. ಕೈ ಎಡಕ್ಕೆ ಹೋಗಿ ಏನನ್ನೋ ಇಟ್ಟು ಬಂತು.

ಹಳೆಯ ಅಭ್ಯಾಸ ಎಂದುಕೊಂಡು ಒಳಗೆ ಹೋಗಬೇಕು, ಅಷ್ಟರಲ್ಲಿ ಮುಖ ನೋಡಿದೆ. ಮುಖದಲ್ಲಿ ಏನೂ ಇರಲಿಲ್ಲ. ಆ ಏನೂ ಇಲ್ಲದ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಐದನೇ ನಿಮಿಷದಲ್ಲಿ ನನ್ನದೂ ಹಾಗೆಯೇ ಆಗುತ್ತದೆ ಎಂದು ಅಂಗನವಾಡಿ ಟೀಚರ್ ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿದ್ದರು. ಬಟ್ಟೆ ಹೊತ್ತುಕೊಂಡೇ ನಿಂತು ಅವರ ಬೀಡಿ ಎಣಿಸಿದೆ. ಇಪ್ಪತ್ತೈದಾಯಿತು. ನಿಲ್ಲಲಿಲ್ಲ. ಇನ್ನೊಂದು ಕಟ್ಟಿಗೆ ಶುರುಮಾಡಿದರು. ಈಗೀಗ ದಿನವೂ ಊಟದ ಮೇಲೆ ಜಗಲಿಯಲ್ಲಿ ಕೂರುತ್ತಿದ್ದುದು ಇದಕ್ಕೇ ಎಂದು ಆಗ ಅರ್ಥವಾಯಿತು.

"ಮಾಮಿ, ನೋವಾಗ್ತದಾ?"

ಕೈ ತಟ್ಟನೆ ನಿಂತಿತು. "ಎಂತ ನೋವು? ನಿನ್ನ ಕೈಯ ಸೀರೆ ನೆಲಕ್ಕೆ ತಾಗ್ತಾ ಉಂಟು ನೋಡು, ಬೆಳಿಗ್ಗೆಯಷ್ಟೇ ಒಗೆದದ್ದು."

ಅಂದು ಸಂಜೆ ಗಂಡನಿಗೆ ಹೇಳಿದೆ. ಅವರು ನಕ್ಕರು. "ಬೆರಳು ಅಲ್ಲಾಡಿಸಿದರೆ ಹೊಟ್ಟೆನೋವಾ? ಅಮ್ಮ ಮೊದಲಿಂದಲೂ ಹಾಗೆಯೇ ಮಾರಾಯ್ತಿ. ಕೈ ಸುಮ್ಮನೆ ಇರುವುದಿಲ್ಲ." ಮೊದಲಿನಿಂದಲೂ ಎಂಬ ಆ ಮಾತು ನನಗೆ ನಾಟಿತು. ಹೇಗೂ ಎಳೆದುಕೊಂಡು ಹೋಗುವಂತಿಲ್ಲ, ಹೋದರೂ ಡಾಕ್ಟರ ಮುಂದೆ ಗ್ಯಾಸ್ ಎಂದೇ ಹೇಳುವವರು. ಅವರಾಗಿ ಕೊಟ್ಟ ಮಾತೊಂದೇ ನನ್ನ ಕೈಯಲ್ಲಿದ್ದದ್ದು. ಹಳದಿ ಬೆಲ್ಟ್ ಬೇಕೇ ಬೇಕು.

ಪರೀಕ್ಷೆ ಇದ್ದದ್ದು ಮೂಡುಬಿದಿರೆಯ ಒಂದು ಹಾಲ್‌ನಲ್ಲಿ. ಬಿಳಿ ಬೆಲ್ಟಿನ ಸಾಲಿನಲ್ಲಿ ನನ್ನ ಹಿಂದೆ ಮುಂದೆ ಎಲ್ಲ ನನ್ನ ಸೊಂಟದೆತ್ತರದ ಮಕ್ಕಳು. ಒಬ್ಬಳು ನನ್ನನ್ನು, "ಆಂಟಿ, ನಿಮ್ಮ ಮಗ ಯಾವ ಸಾಲಿನಲ್ಲಿ?" ಎಂದು ಕೇಳಿದಳು. ಪರೀಕ್ಷಕರು ದೊಡ್ಡ ಮಾಸ್ಟ್ರು. ನರೆತ ಮೀಸೆ, ಕೈಯಲ್ಲಿ ತೆಳ್ಳಗಿನ ಬಿದಿರು ಕೋಲು. ನಮ್ಮ ಮಾಸ್ಟ್ರು ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದರು.

ಏಟು, ತಡೆ, ಒದೆತ ಎಲ್ಲ ಸರಿಯಾಯಿತು. ಕೊನೆಗೆ ಕುದುರೆ ಭಂಗಿ, ಐದು ನಿಮಿಷ. ಮಡಿಲಲ್ಲಿ ತಡ್ಪೆ ಇಟ್ಟುಕೊಂಡೆ. ಮೊದಲ ಕಟ್ಟು ಚಂದ ಬಂತು. ಎರಡನೆಯ ನಿಮಿಷಕ್ಕೆ ಹಿಂದಿನ ಸಾಲಿನಲ್ಲಿ ಯಾರೋ ಅತ್ತರು, ಯಾರೋ ಬಿದ್ದರು. ನಾನು ತಲೆ ಎತ್ತಲಿಲ್ಲ. ಎಲೆ, ಪುಡಿ, ಸುತ್ತು, ಮಡಚು, ನೂಲು. ಮಾಮಿಯ ಬೀಡಿಯಷ್ಟೇ ಗಟ್ಟಿ ಬರುತ್ತಿದ್ದವು. ಬೆಳ್ತಂಗಡಿಯ ಡಾಕ್ಟರ ಕೋಣೆಯ ಬಾಗಿಲು ಕಾಣುತ್ತಿತ್ತು ನನಗೆ. ಆಗ ನನ್ನ ಬಲಗೈಗೆ ಬಿದಿರು ಕೋಲಿನ ತುದಿ ತಾಗಿತು.

"ಇದು ಎಂತ?"

ಕೆಳಗೆ ನೋಡಿದೆ. ನನ್ನ ಎರಡೂ ಮುಷ್ಟಿ ಬಿಚ್ಚಿಹೋಗಿದ್ದವು. ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಸುತ್ತುತ್ತಲೇ ಇತ್ತು. ಎಷ್ಟು ಹೊತ್ತಿನಿಂದ ಎಂದು ದೇವರಿಗೇ ಗೊತ್ತು.

"ಮೊಬೈಲ್ ಒತ್ತುವುದಾ ಅಮ್ಮ?" ಎಂದರು ಪರೀಕ್ಷಕರು.

ಸುಳ್ಳು ಹೊಳೆಯಲಿಲ್ಲ. "ಬೀಡಿ ಕಟ್ಟುವುದು ಸಾರ್," ಎಂದೆ.

ಹಾಲ್ ಪೂರ್ತಿ ನಕ್ಕಿತು. ಗೋಡೆಯ ಬದಿಯಲ್ಲಿ ಕೂತಿದ್ದ ಮಕ್ಕಳ ತಾಯಂದಿರು, ಅಜ್ಜಿಯರು ಎಲ್ಲರಿಗಿಂತ ಹೆಚ್ಚು ನಕ್ಕರು. ನಗದೆ ಇದ್ದವರು ಪರೀಕ್ಷಕರು ಒಬ್ಬರೇ. "ನನ್ನ ತಾಯಿಯೂ ಕಟ್ಟಿದವರೇ. ಆದರೆ ಮುಷ್ಟಿ ಬಿಟ್ಟರೆ ಎದುರಿನವ ಬೆರಳು ಮುರೀತಾನೆ. ಮೂರು ತಿಂಗಳು ಬಿಟ್ಟು ಬನ್ನಿ," ಎಂದು ಕಾಗದದಲ್ಲಿ ಗೀಟು ಎಳೆದು ಮುಂದೆ ಹೋದರು.

ಹೊರಗೆ ಬಸ್‌ಸ್ಟಾಪಿನ ಹೋಟೆಲಿನಲ್ಲಿ ಮಾಸ್ಟ್ರು ನನಗೆ ಗೋಳಿಬಜೆ, ಚಹಾ ತೆಗೆಸಿಕೊಟ್ಟರು. ಅದೇ ಮೆತ್ತಗಿನ ಸ್ವರದಲ್ಲಿ ಹೇಳಿದರು: "ನಾನು ನೋವನ್ನು ನೋಡ್ಲಿಕ್ಕೆ ಹೇಳಿದ್ದು ಅಕ್ಕ. ನೀವು ಅಲ್ಲಿಂದ ಓಡಿಹೋದಿರಿ. ಓಡಿಹೋದವರಿಗೆ ಮನೆ ಬಾಗಿಲು ತೆರೆದು ಬಿದ್ದದ್ದು ಗೊತ್ತಾಗುವುದಿಲ್ಲ." ನನಗೆ ಅಳು ಬಂತು. ಫೇಲಾದದ್ದಕ್ಕೆ ಅಳುತ್ತೇನೆಂದು ಅವರು ಇನ್ನೊಂದು ಪ್ಲೇಟ್ ಗೋಳಿಬಜೆ ಹೇಳಿದರು. ಅತ್ತೆಯ ವಿಷಯವನ್ನು ಅವರಿಗೆ ಹೇಗೆ ಹೇಳುವುದೆಂದು ತಿಳಿಯದೆ ಅದನ್ನೂ ತಿಂದೆ.

ಸಿದ್ಧಕಟ್ಟೆಯ ದಾರಿಯಾಗಿ ಬಂದ ಬಸ್ಸು ನನ್ನನ್ನು ವಾಮದಪದವಿನಲ್ಲಿ ಇಳಿಸಿದಾಗ ಮೂರು ಗಂಟೆ. ಬಿಳಿ ಬೆಲ್ಟನ್ನು ಚೀಲದ ಅಡಿಯಲ್ಲಿ ಇಟ್ಟಿದ್ದೆ. ಮಾಮಿ ಗೇಟಿನ ಹತ್ತಿರವೇ ನಿಂತಿದ್ದರು.

"ಎಲ್ಲಿ, ತೋರಿಸು."

"ಇಲ್ಲ ಮಾಮಿ. ಫೇಲ್."

ಪಂಥ ಗೆದ್ದವರ ಮುಖದಲ್ಲಿ ಸಂತೋಷ ಹುಡುಕಿದೆ. ಇರಲಿಲ್ಲ. "ಯಾಕೆ? ಬಿದ್ದೆಯಾ? ಎಷ್ಟನೇ ನಿಮಿಷಕ್ಕೆ?" ಎಂದು ಗಾಬರಿಯಿಂದ ಕೇಳಿದರು. ಬೀಳಲಿಲ್ಲ, ಬೆರಳು ಆಡಿತು ಎಂದು ನಡೆದದ್ದನ್ನೆಲ್ಲ ಹೇಳಿದೆ. ಪರೀಕ್ಷಕರು ಮೊಬೈಲ್ ಎಂದದ್ದು, ನಾನು ಬೀಡಿ ಎಂದದ್ದು ಬಂದಾಗ ಮಾಮಿ ನಗಲು ಶುರುಮಾಡಿದರು. ಎಷ್ಟು ನಕ್ಕರೆಂದರೆ ಕೆಮ್ಮು ಬಂತು. ಕೆಮ್ಮಿನ ನಡುವೆ ಗಕ್ಕನೆ ನಿಂತು, ಬಲಪಕ್ಕೆ ಹಿಡಿದುಕೊಂಡು ಗೇಟಿಗೆ ಒರಗಿದರು. ಹಣೆಯಲ್ಲಿ ಬೆವರು. ನಾನು ಮುಂದೆ ಹೋದರೆ ಕೈಸನ್ನೆಯಲ್ಲೇ ದೂರ ನಿಲ್ಲಿಸಿದರು.

ಸ್ವಲ್ಪ ಸುಧಾರಿಸಿಕೊಂಡು ಕೇಳಿದರು: "ಮುಷ್ಟಿ ಬಿಡಬಾರದು ಅಂತ ನಾನು ನಿನಗೆ ಹೇಳಿಕೊಟ್ಟಿದ್ದೆನಾ?"

"ಇಲ್ಲ."

"ಕಟ್ಟಿದ ಬೀಡಿಯಲ್ಲಿ ದೋಷ ಇತ್ತಾ?"

"ಬೀಡಿ ಎಲ್ಲ ಗಟ್ಟಿಯೇ ಇತ್ತು ಮಾಮಿ."

"ಹಾಗಾದರೆ ಇದು ನನ್ನ ತಲೆಗೆ ಬಂತು," ಎಂದು ಜಗಲಿಯ ಮೆಟ್ಟಿಲಲ್ಲಿ ಕೂತರು. ಆಗ ಒಂದು ಕ್ರಮದ ವಿಷಯ ಹೇಳಿದರು. ಅವರ ಕಾಲದಲ್ಲಿ ಈ ಜಗಲಿಗೆ ಹುಡುಗಿಯರು ಬೀಡಿ ಕಲಿಯಲು ಬರುತ್ತಿದ್ದರು. ಕಲಿಯುವವಳ ಕಟ್ಟು ದೋಷವೆಂದು ವಾಪಸು ಬಂದರೆ ಅವಳನ್ನು ಬೈಯುವಂತಿಲ್ಲ. ಕಲಿಸಿದವಳು ತನ್ನ ತಡ್ಪೆಯಿಂದ ಅಷ್ಟು ಕಟ್ಟು ತೆಗೆದುಕೊಟ್ಟು ಸರಿಮಾಡಬೇಕು. ಬಾಯಲ್ಲಿ ಒಂದು ಮಾತೂ ಆಡದೆ ಕೊಡಬೇಕು.

"ಕಲಿಸಿದವಳು ನಾನು. ನಿನ್ನದು ವಾಪಸು ಬಂತು. ಬುಧವಾರ ಅಂಗಡಿ ಮುಚ್ಚು, ಡಾಕ್ಟರಲ್ಲಿಗೆ ಹೋಗುವ," ಎಂದರು. ಅನಂತರ, ನಾನು ಎಲ್ಲಿ ಕಣ್ಣೀರು ಹಾಕುತ್ತೇನೋ ಎಂದು, "ಆದರೆ ಅಲ್ಲಿ ನನಗೆ ನೋವು ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳ್ತೇನೆ ಅಂತ ಮಾತು ಕೊಟ್ಟಿಲ್ಲ," ಎಂದು ಸೇರಿಸಿದರು.

ಬುಧವಾರ ಪುಂಜಾಲಕಟ್ಟೆಗೆ ಹೋಗಿ ಬೆಳ್ತಂಗಡಿ ಬಸ್ಸು ಹತ್ತಿದೆವು. ಓದುವವರು ಹೆದರುವುದು ಬೇಡ: ಪಿತ್ತಕೋಶದಲ್ಲಿ ಕಲ್ಲುಗಳಿದ್ದವು, ಆಪರೇಷನ್ ಆಯಿತು, ನಾನು ಇದನ್ನು ಬರೆಯುತ್ತಿರುವಾಗ ಮಾಮಿ ಹೊರಗೆ ಯಾರಿಗೋ ನನ್ನ ದೂರು ಹೇಳುತ್ತಿದ್ದಾರೆ. ಆದರೆ ಅಂದು ಅದು ಯಾವುದೂ ಗೊತ್ತಿರಲಿಲ್ಲ. ಡಾಕ್ಟರ್ ಚಿಕ್ಕ ಪ್ರಾಯದ ಹುಡುಗಿ. ಮಾಮಿಯನ್ನು ಮಂಚದ ಮೇಲೆ ಮಲಗಿಸಿ, "ಅಜ್ಜಿ, ಎಲ್ಲಿ ನೋವು?" ಎಂದರು.

"ನೋವು ಎಂತದೂ ಇಲ್ಲ ಡಾಕ್ಟ್ರೇ. ಸೊಸೆ ಕರಕೊಂಡು ಬಂದಳು."

ಡಾಕ್ಟರ್ ಹೊಟ್ಟೆ ಒತ್ತಿದರು. "ಇಲ್ಲಿ?" ಇಲ್ಲ. "ಇಲ್ಲಿ?" ಇಲ್ಲ. ಬಲಪಕ್ಕೆಯ ಕೆಳಗೆ ಒತ್ತಿ, "ಇಲ್ಲಿ ನೋವಾಗ್ತದಾ?" ಎಂದರು. "ಇಲ್ಲ," ಎಂದರು ಮಾಮಿ, ಚಹಾ ಬೇಡ ಎಂದಷ್ಟು ಸಲೀಸಾಗಿ. ಡಾಕ್ಟರ್ ಅವರ ಮುಖವನ್ನೇ ನೋಡುತ್ತಿದ್ದರು. ಆ ಮುಖದಲ್ಲಿ ಏನು ಸಿಗುತ್ತದೆ? ನಾನು ಕೈ ನೋಡಿದೆ. ಹಾಸಿಗೆಯ ಬದಿಯಲ್ಲಿ ಬೆರಳುಗಳು ಭರಭರನೆ ಓಡುತ್ತಿದ್ದವು. ಎಲೆ, ಪುಡಿ, ಸುತ್ತು.

ಡಾಕ್ಟರ್ ತಮ್ಮ ಮೇಜಿಗೆ ಹಿಂತಿರುಗಿ ಪೆನ್ನು ತೆಗೆದುಕೊಂಡರು. "ಗ್ಯಾಸ್ ಇರಬಹುದು. ಮಾತ್ರೆ ಬರ್ದುಕೊಡ್ತೇನೆ," ಎಂದರು.

"ಡಾಕ್ಟ್ರೇ, ಅಲ್ಲಿಯೇ ಇನ್ನೊಮ್ಮೆ ಒತ್ತಿ," ಎಂದೆ. ಮಂಚದ ಆ ಬದಿಗೆ ಹೋಗಿ ಮಾಮಿಯ ಎರಡೂ ಕೈ ಹಿಡಿದೆ. ಬೆರಳುಗಳನ್ನು ಮಡಚಿ, ನನ್ನ ಅಂಗೈಯೊಳಗೆ ಮುಷ್ಟಿ ಮಾಡಿ ಗಟ್ಟಿ ಮುಚ್ಚಿದೆ. ಮಾಮಿ ನನ್ನನ್ನು ದುರುಗುಟ್ಟಿ ನೋಡಿದರು. ಬಿಡಿಸಿಕೊಳ್ಳಲು ಎಳೆದರು. ಆರು ತಿಂಗಳು ಮುಷ್ಟಿ ಬಿಗಿದ ಕೈ ನನ್ನದು, ಬಿಡಲಿಲ್ಲ. ಒಳಗೆ ಅವರ ಹೆಬ್ಬೆರಳು ಸುತ್ತಲು ಜಾಗ ಹುಡುಕುತ್ತಿತ್ತು.

ಡಾಕ್ಟರ್ ಒತ್ತಿದರು.

"ಅಪ್ಪೇ!"

ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ. ಎಂದೋ ತೀರಿಹೋದ ತಮ್ಮ ತಾಯಿಯನ್ನು ಎಪ್ಪತ್ತೆರಡು ವರ್ಷದ ಹೆಂಗಸು ಕೂಗಿ ಕರೆದರು. ಹೊರಗೆ ಕಾಯುತ್ತಿದ್ದವರು ಬಾಗಿಲಿನಿಂದ ಇಣುಕಿದರು. ಮಾಮಿಯ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು, ಒರೆಸಿಕೊಳ್ಳೋಣವೆಂದರೆ ಕೈ ನನ್ನ ಹಿಡಿತದಲ್ಲಿತ್ತು. "ಇಲ್ಲಿಯೇ ಡಾಕ್ಟ್ರೇ. ಆಟಿಯಿಂದ ಉಂಟು. ಉಂಡ ಕೂಡಲೇ ಬರ್ತದೆ, ಬೆನ್ನಿಗೆ ಹೋಗ್ತದೆ. ಚುಚ್ಚುತ್ತದೆ, ತಡೀಲಿಕ್ಕೆ ಆಗುವುದಿಲ್ಲ," ಎಂದು ಒಂದೇ ಉಸಿರಿನಲ್ಲಿ ಹೇಳಿದರು. ನಾನು ಆಗಲೇ ಅಳುತ್ತಿದ್ದೆ.

"ಇಷ್ಟು ನೋವಿತ್ತು, ಮೊದಲೇ ಯಾಕೆ ಹೇಳಲಿಲ್ಲ ಅಜ್ಜಿ?" ಎಂದರು ಡಾಕ್ಟರ್.

ಮಾಮಿ ಸ್ವಲ್ಪ ಯೋಚಿಸಿ, ನಿಜವಾಗಿಯೂ ಯೋಚಿಸಿ, "ಪುರುಸೊತ್ತಾಗಲಿಲ್ಲ ಡಾಕ್ಟ್ರೇ," ಎಂದರು.

ಅಜ್ಜಿ ತಮಾಷೆ ಮಾಡಿದರೆಂದು ಡಾಕ್ಟರ್ ನಕ್ಕರು. ಅದು ತಮಾಷೆಯಾಗಿರಲಿಲ್ಲ. ನಾನು ಆ ಕೈಗಳನ್ನು ಹಾಗೆಯೇ ಹಿಡಿದುಕೊಂಡು ನಿಂತೆ.